ಆರು ಸಲ ತೊಳೆದ ಸೀಸೆ

ಬೆಳಗಿನ ಐದೂಮುಕ್ಕಾಲು. ಕೆಂಗೇರಿಯ ಆಚೆಗಿನ ಹೊಂಗೆಕಟ್ಟೆ ಬಡಾವಣೆಯ ಕೊಳವೆಬಾವಿಯ ಬಳಿ, ತೊಳೆದ ಚಪ್ಪಡಿಯ ಮೇಲೆ, ಹನ್ನೆರಡು ಕಂದು ಗಾಜಿನ ಸೀಸೆಗಳು ಸಾಲಾಗಿ ನಿಂತಿವೆ. ಒಂದೊಂದರ ಕತ್ತಿಗೂ ಫಾಯಿಲ್ ಸುತ್ತಿ ದಾರ ಕಟ್ಟಿದೆ. ಅವುಗಳ ಹಿಂದೆ ಡಾ. ಗಿರಿಜಾದೇವಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಗೆ ನೀಲಿ ಗವುಸು ತೊಟ್ಟು ಕಾಯುತ್ತಿದ್ದಾರೆ. ವಯಸ್ಸು ಐವತ್ತೆಂಟು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇದೆ, ಕುಂಕುಮವಿಲ್ಲ. ಮೊಣಕೈಯವರೆಗೆ ಸೊಳ್ಳೆ ಕಡಿದ ಗುರುತು. ಪಕ್ಕದ ಕೆರೆಯಿಂದ ಸೊಳ್ಳೆಗಳು ಹಿಂಡುಹಿಂಡಾಗಿ ಬರುತ್ತಿವೆ. ಅವರು ಸೆರಗಿನ ತುದಿ ಬೀಸಿ ಓಡಿಸುತ್ತಾರೆಯೇ ಹೊರತು ಏನನ್ನೂ ಹಚ್ಚಿಕೊಳ್ಳುವುದಿಲ್ಲ.

ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷ ಯೋಗಾನಂದ ಬರುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಷರಟು. ಅವರಿಗಿಂತ ನಾಲ್ಕು ಹೆಜ್ಜೆ ಮುಂದೆ ಅವರ ಸೆಂಟಿನ ವಾಸನೆ ಬರುತ್ತದೆ. ಗಿರಿಜಾದೇವಿ ಕೈ ಎತ್ತಿ ಅಲ್ಲೇ ತಡೆಯುತ್ತಾರೆ.

"ಅಲ್ಲೇ ನಿಂತ್ಕೊಳ್ಳಿ ಸಾರ್. ಹತ್ರ ಬರ್ಬೇಡಿ."

"ಯಾಕ್ ಮೇಡಂ, ನಂಗೇನು ಅಂಟುರೋಗ ಇದೆಯಾ?"

"ಸೆಂಟ್ ಹಾಕಿದೀರ. ನಿನ್ನೆ ಫೋನಲ್ಲೇ ಹೇಳಿದ್ನಲ್ಲ, ಸೋಪು ಬೇಡ, ಸೆಂಟು ಬೇಡ, ಕಾಫಿ ಬೇಡ ಅಂತ."

ಐಸ್ ಪೆಟ್ಟಿಗೆ ಹಿಡಿದು ನಿಂತ ಕೆಂಚಪ್ಪ, ಮದುವೆ ಗಂಡು ಬಂದಂಗೆ ಬಂದವ್ರೆ ಎಂದು ಗೊಣಗುತ್ತಾರೆ. ರಸ್ತೆಬದಿಯ ನಲ್ಲಿಗೆ ಬಿಂದಿಗೆ ಹಚ್ಚಿ ನಿಂತಿರುವ ವೆಂಕಟಲಕ್ಷ್ಮಮ್ಮ ಸೆರಗು ಅಡ್ಡ ಹಿಡಿದು ನಗುತ್ತಾರೆ. ಯೋಗಾನಂದರಿಗೆ ಸಿಟ್ಟು ಬರುತ್ತದೆ; ನಾನು ಮುಟ್ಟುವುದಿಲ್ಲ, ನೀವೇ ತುಂಬಿಕೊಂಡು ಹೋಗಿ ಎನ್ನುತ್ತಾರೆ. ಗಿರಿಜಾದೇವಿ ಒಪ್ಪುವುದಿಲ್ಲ. "ನೀವೇ ತುಂಬ್ಬೇಕು ಸಾರ್. ನಾಳೆ ನನ್ನ ಕೈ ಮೇಲೆ ಹೇಳೋಕೆ ಒಂದು ಮಾತೂ ಉಳೀಬಾರ್ದು. ಹೋಗಿ ಬರೀ ನೀರಲ್ಲಿ ಸ್ನಾನ ಮಾಡ್ಕೊಂಡ್ ಬನ್ನಿ. ಕಾಯ್ತೀನಿ." ಅಧ್ಯಕ್ಷರು ತಿರುಗಿ ಮನೆಯ ಕಡೆ ನಡೆಯುತ್ತಾರೆ. ಗಿರಿಜಾದೇವಿ ಚಪ್ಪಡಿಯ ಅಂಚಿನಲ್ಲಿ ಕುಳಿತು ಸೀಸೆಗಳನ್ನು ನೋಡುತ್ತಾರೆ.

ಈ ಹನ್ನೆರಡು ಸೀಸೆಗಳನ್ನು ತೆರೆಯುವ ಮನಸ್ಸು ಅವರಿಗೆ ಇರಲಿಲ್ಲ. ಇವನ್ನು ಕೊನೆಯ ಬಾರಿ ತೊಳೆದವರು ಅವರ ತಮ್ಮ ಗಿರಿರಾಜ್. ತೊಳೆದು, ಒಣಗಿಸಿ, ಫಾಯಿಲ್ ಸುತ್ತಿಟ್ಟ ಒಂದು ವಾರಕ್ಕೆ ಅವರು ತೀರಿಕೊಂಡರು. ಅದಾಗಿ ಹದಿನಾಲ್ಕು ತಿಂಗಳಾಯಿತು.

ಗಿರಿಜಾದೇವಿ ನೀರಿನ ವಿಜ್ಞಾನಿ. ಕೆಂಗೇರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಪರಿಸರ ವಿಭಾಗದಲ್ಲಿ, ಹಿಂಬದಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವರ ಕೆಲಸ. ಹೆಸರಿಗೆ ಯೋಜನಾ ವಿಜ್ಞಾನಿ. ಯೋಜನೆ ಇರುವಷ್ಟು ದಿನ ವಿಜ್ಞಾನಿ, ಯೋಜನೆ ಮುಗಿದ ಮಾರನೆಯ ದಿನ ಬರಿಯ ಗಿರಿಜಾದೇವಿ. ಇಪ್ಪತ್ತೊಂಬತ್ತು ವರ್ಷಗಳಿಂದ ಹೀಗೆಯೇ ನಡೆದಿದೆ. ಕಾಯಂ ಹುದ್ದೆಗೆ ಮೂರು ಸಲ ಅರ್ಜಿ ಹಾಕಿ ಬಿಟ್ಟರು. ಡಾಕ್ಟರೇಟ್ ಬಂದದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ತಂದೆ ಗುರುಸಿದ್ದಯ್ಯನವರು ಚಿತ್ರದುರ್ಗದ ಕಡೆಯಿಂದ ರಾಜಾಜಿನಗರದ ಕಾರ್ಖಾನೆಯೊಂದಕ್ಕೆ ಲೇತ್ ಕೆಲಸಕ್ಕೆ ಬಂದವರು. ಬಸವೇಶ್ವರನಗರದಲ್ಲಿ ಎರಡು ಕೋಣೆಯ ಮನೆ ಕಟ್ಟಿ, ಮಗಳನ್ನು ಎಂ.ಎಸ್ಸಿ. ಓದಿಸಿದರು. ಮಗನನ್ನು ಓದಿಸಲಾಗಲಿಲ್ಲ. ಗಿರಿರಾಜ್‌ಗೆ ಎಂಟನೆಯ ವಯಸ್ಸಿನಿಂದ ಮೂರ್ಛೆರೋಗವಿತ್ತು.

ನಮ್ಮ ಮನೆಗಳಿಂದ ಹೊರಬಿದ್ದ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿಂದ ತಿಳಿಯಾಗಿ, ವಾಸನೆ ಕಳೆದುಕೊಂಡು ಕೆರೆಗೋ ತೋಟಕ್ಕೋ ಹೋಗುತ್ತದೆ. ಕಣ್ಣಿಗೆ ಅದು ಒಳ್ಳೆಯ ನೀರೇ. ಆದರೆ ಆ ಘಟಕಗಳನ್ನು ಕಟ್ಟಿದ್ದು ಮಲಮೂತ್ರವನ್ನು ಕಳೆಯುವುದಕ್ಕೆ. ಮನುಷ್ಯ ನುಂಗಿದ ಮಾತ್ರೆ, ಹಚ್ಚಿಕೊಂಡ ಮುಲಾಮು, ತಲೆಗೆ ತಿಕ್ಕಿದ ಶಾಂಪೂ, ಹಲ್ಲುಜ್ಜಿದ ಪೇಸ್ಟು ಇವೆಲ್ಲ ನೀರಿನಲ್ಲಿ ಬರುತ್ತವೆಂದು ಆ ಕಾಲಕ್ಕೆ ಯಾರೂ ಎಣಿಸಿರಲಿಲ್ಲ. ಬಂದರೂ ಅವನ್ನು ಹುಡುಕುವವರಿರಲಿಲ್ಲ. ಗಿರಿಜಾದೇವಿ ಹುಡುಕುವುದು ಇವನ್ನೇ. ರಾಜಾಜಿನಗರದ ರಾಜಕಾಲುವೆಯಿಂದ ಅತ್ತಿಗುಪ್ಪೆ, ನಾಯಂಡಹಳ್ಳಿಯ ಮೇಲೆ ಹಾದು ಕೆಂಗೇರಿಯವರೆಗೆ, ವೃಷಭಾವತಿ ಹೊಳೆಯ ಉದ್ದಕ್ಕೂ ಹದಿನಾಲ್ಕು ಜಾಗಗಳಲ್ಲಿ ತಿಂಗಳಿಗೊಮ್ಮೆ ನೀರು ಹಿಡಿಯುತ್ತಾರೆ. ಒಂದು ಜಾಗಕ್ಕೆ ಒಂದೊಂದು ಲೀಟರಿನ ಎರಡು ಸೀಸೆ. ಹನ್ನೊಂದು ವರ್ಷಕ್ಕೆ ಮೂರೂವರೆ ಸಾವಿರಕ್ಕೂ ಮೇಲೆ ಸೀಸೆಗಳಾದವು. ಕಾಲೇಜಿನ ಹಿಂದೆ ಮೂರು ಡ್ರಮ್ಮುಗಳಲ್ಲಿ ತೆಂಗಿನ ಕರಟದ ಇದ್ದಿಲು ತುಂಬಿ, ಶುದ್ಧೀಕರಿಸಿದ ನೀರನ್ನು ಮತ್ತೊಮ್ಮೆ ಅದರ ಮೂಲಕ ಇಳಿಸಿ, ಔಷಧದ ಅಂಶದಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲೇ ಉಳಿಯುವಂತೆ ಮಾಡಿದ್ದಾರೆ. ಆ ಡ್ರಮ್ಮುಗಳನ್ನು ನೋಡಲು ಬಂದವರ ಸಂಖ್ಯೆ ಒಂದು ಕೈಯ ಬೆರಳುಗಳಷ್ಟೂ ಇಲ್ಲ.

ಹಿಡಿದ ನೀರು ಐಸಿನಲ್ಲಿ ಕಾಲೇಜಿಗೆ ಬರುತ್ತದೆ. ಬೆರಳುದ್ದದ ಕೊಳವೆಯೊಂದರ ಮೂಲಕ ಹನಿಹನಿಯಾಗಿ ಇಳಿಯುತ್ತದೆ; ಒಂದು ಲೀಟರು ಇಳಿಯಲು ಮೂರು ತಾಸು ಬೇಕು. ಕೊಳವೆಯಲ್ಲಿ ಸಿಕ್ಕಿಬಿದ್ದ ಔಷಧದ ಅಂಶವನ್ನು ಬಿಡಿಸಿ, ನಗರದ ಇನ್ನೊಂದು ಸಂಸ್ಥೆಯಲ್ಲಿರುವ ದೊಡ್ಡ ಯಂತ್ರಕ್ಕೆ ಕೊಡಬೇಕು. ಆ ಯಂತ್ರದ ಸರದಿಗೆ ಕೆಲವು ಸಲ ಐದು ವಾರ ಕಾದದ್ದುಂಟು. ಅದು ಹೇಳುವ ಅಳತೆ ಎಷ್ಟು ಸಣ್ಣದೆಂದರೆ, ಒಂದು ಮಾತ್ರೆಯನ್ನು ಮುನ್ನೂರು ಚಿಲ್ಲರೆ ಟ್ಯಾಂಕರ್ ನೀರಿನಲ್ಲಿ ಕರಗಿಸಿದರೂ ಅದು ಹೌದು, ಇದೆ ಎನ್ನುತ್ತದೆ.

ಅಳತೆ ಅಷ್ಟು ಸಣ್ಣದಾದ್ದರಿಂದ ಕೈ ಅಷ್ಟು ಚೊಕ್ಕಟವಿರಬೇಕು. ಈ ಪಾಠವನ್ನು ಗಿರಿಜಾದೇವಿ ಪುಸ್ತಕದಿಂದ ಕಲಿಯಲಿಲ್ಲ. ಆರು ವರ್ಷದ ಹಿಂದೆ ಒಂದು ದೊಡ್ಡ ವಸತಿ ಸಮುಚ್ಚಯದ ಶುದ್ಧೀಕರಿಸಿದ ನೀರಿನಲ್ಲಿ ನೋವು ಕಳೆಯುವ ಔಷಧವೊಂದು ರಾಶಿಯಾಗಿ ಕಂಡಿತು. ಬೇರೆಲ್ಲೂ ಇಲ್ಲದಷ್ಟು. ಅವರು ಆ ವರದಿಯನ್ನು ಒಂದು ಸಭೆಯಲ್ಲಿ ಓದಿದರು, ಪತ್ರಿಕೆಯಲ್ಲಿ ಎರಡಿಂಚು ಸುದ್ದಿಯೂ ಬಂತು. ಮುಂದಿನ ತಿಂಗಳು ಕೆಂಚಪ್ಪನವರ ಗೂಡ್ಸ್ ಆಟೋದಲ್ಲಿ ಕುಳಿತಾಗ ಘಮ್ಮೆಂದು ಮುಲಾಮಿನ ವಾಸನೆ ಬಂತು.

ಕೆಂಚಪ್ಪ ನಾಯಂಡಹಳ್ಳಿಯ ಹಳೆಯ ಊರಿನವರು. ಅರವತ್ತೇಳು ವರ್ಷ. ಅವರಪ್ಪ ಈ ಹೊಳೆಯ ನೀರಿನಲ್ಲಿ ಸೊಪ್ಪು ಬೆಳೆದವರು, ಇವರು ಅದೇ ನೀರಿನಲ್ಲಿ ಈಜು ಕಲಿತವರು. ಸೀಸೆ ಸಾಗಿಸುವುದು, ಕಾಲುವೆಗೆ ಇಳಿದು ನೀರು ಹಿಡಿಯುವುದು ಇವರ ಕೆಲಸ. ಇಳಿಯುವ ಮೊದಲು ಮಂಡಿನೋವಿಗೆಂದು ದಿನವೂ ಎರಡೂ ಮಂಡಿಗೆ ಮುಲಾಮು ತಿಕ್ಕಿ, ಅದೇ ಕೈಯಲ್ಲಿ ಸೀಸೆಯ ಬಿರಡೆ ತೆಗೆಯುತ್ತಿದ್ದರು. ಸಮುಚ್ಚಯದ ಘಟಕಕ್ಕೆ ಇಳಿಯುವ ಮೆಟ್ಟಿಲು ಬಲು ಎತ್ತರ. ಅಲ್ಲಿಗೆ ಹೋಗುವಾಗ ಮುಲಾಮು ಎರಡು ಪಟ್ಟು.

ಯಾರೂ ಕೇಳಿರಲಿಲ್ಲ. ಯಾರಿಗೂ ಗೊತ್ತಾಗುವಂತೆಯೂ ಇರಲಿಲ್ಲ. ಗಿರಿಜಾದೇವಿ ಆ ಸಮುಚ್ಚಯದ ಸಭೆಗೆ ತಾವೇ ಹೋಗಿ, ತಪ್ಪು ನನ್ನದು, ಆ ಸಂಖ್ಯೆ ಸುಳ್ಳು ಎಂದು ನಿಂತು ಹೇಳಿದರು. ಸುದ್ದಿ ಹಾಕಿದ ಪತ್ರಿಕೆಗೂ ಬರೆದರು. ಅಂದಿನಿಂದ ಅವರಿಗೆ ಮುಲಾಮು ಮೇಡಂ ಎಂದು ಹೆಸರು ಬಿತ್ತು. ಕೆಂಚಪ್ಪ ಕೆಲಸ ಬಿಟ್ಟು ಹೋಗುತ್ತೇನೆಂದು ಅತ್ತರು. ಅವರಿಗೆ ಸಿಕ್ಕಿದ್ದು ಬೈಗುಳವಲ್ಲ, ಒಂದು ಜೊತೆ ಗವುಸು.

ಅಂದಿನಿಂದಲೇ ನೀರು ಹಿಡಿಯುವ ದಿನಕ್ಕೊಂದು ಮಡಿ ಬಂದಿದೆ. ಆ ದಿನ ಸೋಪಿಲ್ಲ, ಎಣ್ಣೆಯಿಲ್ಲ, ಪೌಡರಿಲ್ಲ. ಪೇಸ್ಟಿನ ಬದಲು ಬೇವಿನ ಕಡ್ಡಿ. ಕೆಲಸ ಮುಗಿಯುವ ತನಕ ಕಾಫಿಯಿಲ್ಲ, ಏಕೆಂದರೆ ಯಂತ್ರ ಕಾಫಿಯ ಅಂಶವನ್ನೂ ಹುಡುಕುತ್ತದೆ. ಎಷ್ಟೇ ಕಡಿದರೂ ಸೊಳ್ಳೆ ಕ್ರೀಮಿಲ್ಲ. ಅಂಗಡಿಯ ಕುಂಕುಮವೂ ಇಲ್ಲ. ವಿಭೂತಿಯನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಮಠದಿಂದ ತಂದ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಕದಡಿ ಯಂತ್ರಕ್ಕೇ ಕೊಟ್ಟು ನೋಡಿದರು. ಹುಡುಕುವ ಹತ್ತೊಂಬತ್ತು ವಸ್ತುಗಳಲ್ಲಿ ಒಂದೂ ಅದರಲ್ಲಿ ಇರಲಿಲ್ಲ. "ಶಿವ ಪಾಸಾದ," ಎಂದು ಅಂದು ಗಿರಿರಾಜ್ ಕೈ ತಟ್ಟಿದ್ದರಂತೆ.

ಸೀಸೆ ತೊಳೆಯುವುದು ಗಿರಿರಾಜರ ಕೆಲಸವಾಗಿತ್ತು. ಹಗಲು ಮನೆಯಲ್ಲಿ ಒಬ್ಬರನ್ನೇ ಬಿಡುವಂತಿರಲಿಲ್ಲವಾಗಿ ಅಕ್ಕನ ಜೊತೆ ಕಾಲೇಜಿಗೆ ಬರುತ್ತಿದ್ದರು. ಮಾತ್ರೆಯ ಮಂಪರಿನಲ್ಲಿ ಅವರಿಗೆ ಎಣಿಕೆ ನಿಲ್ಲುತ್ತಿರಲಿಲ್ಲ. ಪುಸ್ತಕದ ನಿಯಮದಂತೆ ಸೀಸೆಯನ್ನು ಮೂರು ಸಲ ಶುದ್ಧ ನೀರಿನಲ್ಲಿ ಗಲಬರಿಸಬೇಕು. ಎರಡಾಯಿತೋ ಮೂರಾಯಿತೋ ಎಂದು ಗಿರಿರಾಜ್ ಸೀಸೆ ಹಿಡಿದು ಕಂಗಾಲಾಗಿ ನಿಂತುಬಿಡುತ್ತಿದ್ದರು. ಆಗ ಇನ್ನೂ ಬದುಕಿದ್ದ ಗುರುಸಿದ್ದಯ್ಯನವರು ಮಗನಿಗೆ ದಾರಿ ತೋರಿಸಿದರು. ಎಣಿಸಬೇಡ ಮಗಾ, ಷಡಕ್ಷರಿ ಹೇಳಿಕೋ. ಒಂದು ಅಕ್ಷರಕ್ಕೆ ಒಂದು ನೀರು ಎಂದರು. ಓಂ ಎಂದು ಒಮ್ಮೆ ಗಲಬರಿಸಿ ಚೆಲ್ಲುವುದು, ನ ಎಂದು ಇನ್ನೊಮ್ಮೆ, ಮಃ ಎಂದು ಮತ್ತೊಮ್ಮೆ, ಶಿ, ವಾ, ಯ. ಎಣಿಕೆ ತಪ್ಪುವ ಗಿರಿರಾಜ್ ಮಂತ್ರ ತಪ್ಪುತ್ತಿರಲಿಲ್ಲ. ಮೂರು ಬೇಕಾದಲ್ಲಿ ಆರಾಯಿತು, ನೀರು ಎರಡು ಪಟ್ಟು ಖರ್ಚಾಯಿತು. ಕಾಲೇಜಿನವರು ಒಮ್ಮೆ ಕೇಳಿದರು, ಗಿರಿಜಾದೇವಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ವರ್ಷ ಆ ಕೋಣೆಯ ಸೀಸೆಗಳೆಲ್ಲ ಷಡಕ್ಷರಿಯಲ್ಲೇ ಶುಚಿಯಾದವು.

ಕೊನೆಯ ವಾರ ಅವರು ಇಪ್ಪತ್ತನಾಲ್ಕು ಸೀಸೆ ತೊಳೆದಿಟ್ಟಿದ್ದರು.

ತಮ್ಮ ಹೋದ ಮೂರು ತಿಂಗಳಿಗೆ ಹೊಂಗೆಕಟ್ಟೆ ಬಡಾವಣೆಯ ಕೆರೆಯ ಮಗ್ಗುಲಲ್ಲಿರುವ ಈ ಕೊಳವೆಬಾವಿಯ ನೀರು ನೋಡುವ ಕೆಲಸ ಬಂತು. ಈ ಬಾವಿಯ ನೀರು ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನಿಂದ ಇನ್ನೂರ ಅರವತ್ತು ಮನೆಗಳಿಗೆ ಹೋಗುತ್ತದೆ. ರಸ್ತೆಬದಿಯ ನಲ್ಲಿಗೂ ಅದೇ ನೀರು. ಅದನ್ನು ಹಿಡಿಯುವವರು ವೆಂಕಟಲಕ್ಷ್ಮಮ್ಮನಂಥ ಶೀಟಿನ ಮನೆಯವರು, ಕಟ್ಟಡದ ಕೂಲಿಯವರು. ಮನೆಯವರಿಗೆ ಕುಡಿಯಲು ಕ್ಯಾನ್ ನೀರಿದೆ, ನಲ್ಲಿಯವರಿಗೆ ಇದೇ ನೀರು. ಗಿರಿಜಾದೇವಿ ನಾಲ್ಕು ತಿಂಗಳು, ತಿಂಗಳಿಗೆ ಮೂರು ಸೀಸೆ ಹಿಡಿದರು. ನಾಲ್ಕು ಸಲವೂ ಅದರಲ್ಲಿ ಒಂದು ಔಷಧ ಕಂಡಿತು. ಲೀಟರಿಗೆ ನೂರಹದಿನೈದು, ನೂರಿಪ್ಪತ್ತು ನ್ಯಾನೋಗ್ರಾಂ. ಔಷಧದ ಹೆಸರು ಕಾರ್ಬಮಜೆಪಿನ್. ಮೂರ್ಛೆರೋಗದವರು ನುಂಗುವ ಮಾತ್ರೆ.

"ಇಷ್ಟು ಪ್ರಮಾಣಕ್ಕೆ ಕುಡಿದೋರಿಗೆ ಏನೂ ಆಗಲ್ಲ. ಅದನ್ನ ನಾನೇ ಮೊದಲು ಹೇಳ್ತೀನಿ," ಎನ್ನುತ್ತಾರೆ ಗಿರಿಜಾದೇವಿ. "ಆದ್ರೆ ಈ ಔಷಧ ಮಣ್ಣಲ್ಲಿ ನಿಲ್ಲಲ್ಲ, ಘಟಕದಲ್ಲಿ ಒಡೆಯಲ್ಲ. ಮನುಷ್ಯನ ಮೈಯಿಂದ ಬಿಟ್ಟು ಬೇರೆಲ್ಲಿಂದ್ಲೂ ಬರಲ್ಲ. ಬಾವೀಲಿ ಇದು ಇದೆ ಅಂದ್ರೆ ಕಕ್ಕಸಿನ ನೀರು ಅಲ್ಲೀವರೆಗೂ ನಡ್ಕೊಂಡು ಬಂದಿದೆ ಅಂತ. ಇದು ಬಂದ ದಾರೀಲಿ ಇನ್ನೇನು ಬರಲ್ಲ ಹೇಳಿ?"

ಬಾವಿ ನಿಲ್ಲಿಸಿ, ಕೊಳಚೆಯ ಪೈಪು ಎಲ್ಲಿ ಒಡೆದಿದೆ ನೋಡಿ. ಅವರು ಕೇಳಿದ್ದು ಇವೆರಡನ್ನೇ. ಸಂಘ ಕೇಳಿದ್ದು ಒಂದು ಕಾಗದ: ಈ ವರದಿಯನ್ನು ಹಿಂಪಡೆದಿದ್ದೇನೆ ಎಂಬ ಕಾಗದ. ಬಡಾವಣೆಯ ಎರಡನೆಯ ಹಂತದ ನಿವೇಶನಗಳು ಆಗತಾನೆ ಮಾರಾಟಕ್ಕೆ ಬಂದಿದ್ದವು. ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥ ಮಧ್ವೇಶ್ ಅವರೂ ಅದನ್ನೇ ಮೆಲ್ಲಗೆ ಹೇಳಿದರು. ಮಧ್ವೇಶ್ ಕೆಟ್ಟವರಲ್ಲ, ಒಂದು ಕಾಲಕ್ಕೆ ಗಿರಿಜಾದೇವಿಯವರ ಬಳಿಯೇ ಪ್ರಯೋಗ ಕಲಿತವರು. ಮಾರ್ಚಿಗೆ ನಿಮ್ಮ ಯೋಜನೆ ಮುಗಿಯುತ್ತದೆ, ಮುಂದುವರಿಸುವ ಸಮಿತಿಯ ಮುಂದೆ ಈ ಜಗಳ ಬರದಿದ್ದರೆ ಒಳ್ಳೆಯದು ಎಂದರು. ಹಿಂದೆ ಒಂದು ವರದಿ ಹಿಂಪಡೆದವರು ಇನ್ನೊಂದನ್ನು ಹಿಂಪಡೆದರೆ ಮಾನವೇನೂ ಹೋಗುವುದಿಲ್ಲ ಎಂದೂ ಸೇರಿಸಿದರು. ಗಿರಿಜಾದೇವಿಯವರ ಉತ್ತರವನ್ನು ಮೆಟ್ಟಿಲ ಮೇಲಿದ್ದ ಕೆಂಚಪ್ಪನೂ ಕೇಳಿಸಿಕೊಂಡರು:

"ತಪ್ಪಿದ್ದಾಗ ಯಾರೂ ಕೇಳದೇನೇ ನಾನೇ ವಾಪಸ್ ತಗೊಂಡೆ. ತಪ್ಪಿಲ್ದಾಗ ಊರೇ ಬಂದು ಕೇಳಿದ್ರೂ ತಗೊಳ್ಳಲ್ಲ ಮಧ್ವೇಶ್."

ತಪ್ಪಿಲ್ಲ ಎಂಬ ಆ ಧೈರ್ಯ ಎಂಟೇ ದಿನ ಉಳಿಯಿತು. ಬಡಾವಣೆಯ ಗಣೇಶನ ಗುಡಿಯ ಪಕ್ಕದ ಹಾಲಿನಲ್ಲಿ ಸಂಘದ ಸಭೆ ಸೇರಿತ್ತು. ಯೋಗಾನಂದ ಮೊದಲು ಮುಲಾಮಿನ ಕತೆ ಎತ್ತಿದರು, ಜನ ನಕ್ಕರು. ಗಿರಿಜಾದೇವಿ ಅದಕ್ಕೆ ಸಿದ್ಧವಾಗಿಯೇ ಹೋಗಿದ್ದರು. ಆಮೇಲೆ ಯೋಗಾನಂದ ಧ್ವನಿ ತಗ್ಗಿಸಿ ಕೇಳಿದ ಮಾತಿಗೆ ಸಿದ್ಧವಾಗಿರಲಿಲ್ಲ.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಆ ಮಾತ್ರೆ ನಿಮ್ಮನೇಲೇ ಇತ್ತಂತಲ್ಲ. ನಿಮ್ ತಮ್ಮನೋರು ಅದನ್ನೇ ನುಂಗ್ತಿದ್ರಂತೆ, ಅದೇ ಕೈಯಲ್ಲಿ ಸೀಸೆ ತೊಳೀತಿದ್ರಂತೆ. ಅವತ್ತು ಮಂಡಿ, ಇವತ್ತು ತಮ್ಮ. ನಮ್ ಬಾವಿ ಏನ್ ಪಾಪ ಮಾಡಿತ್ತು?"

ಹಾಲಿನಲ್ಲಿ ಯಾರೂ ನಗಲಿಲ್ಲ. ಗಿರಿಜಾದೇವಿ, ನಿಮ್ಮ ಪ್ರಶ್ನೆ ಸರಿಯಾಗಿದೆ, ಉತ್ತರಕ್ಕೆ ಕೆಲವು ದಿನ ಕೊಡಿ ಎಂದು ಎದ್ದು ಬಂದರು. ಗಿರಿರಾಜರ ವಿಷಯವನ್ನು ಸಂಘದ ವಾಚ್‌ಮನ್ನಿನ ಮುಂದೆ ಟೀ ಕುಡಿಯುತ್ತ ಹೇಳಿದವರು ಕೆಂಚಪ್ಪ. ಆ ಮಗು ಎಷ್ಟು ಚಂದಾಗಿ ಸೀಸೆ ತೊಳೀತಿದ್ದ ಗೊತ್ತಾ ಎಂದು ಹೊಗಳಲು ಹೋಗಿ ಹೇಳಿದ್ದು. ಆಟೋವನ್ನು ರಸ್ತೆಬದಿಗೆ ನಿಲ್ಲಿಸಿ ಅವರೇ ಅದನ್ನು ಒಪ್ಪಿಕೊಂಡರು. "ನಿಜಾನೇ ಹೇಳಿದೀರಲ್ಲ ಕೆಂಚಪ್ಪಣ್ಣ, ಓಡಿಸಿ," ಎಂದಷ್ಟೇ ಅಂದರು ಗಿರಿಜಾದೇವಿ.

ಮುಲಾಮಿನ ತಪ್ಪಾದಾಗಿನಿಂದ ಅವರು ಪ್ರತಿ ಸಲವೂ ಬರಿ ನೀರಿನ ಸೀಸೆಯೊಂದನ್ನು ಜೊತೆಗೆ ಒಯ್ಯುತ್ತಾರೆ. ಪ್ರಯೋಗಾಲಯದ ಪರಿಶುದ್ಧ ನೀರು ತುಂಬಿದ ಸೀಸೆ. ನೀರು ಹಿಡಿಯುವ ಜಾಗದಲ್ಲೇ ಅದರ ಬಿರಡೆ ತೆಗೆದು ಮುಚ್ಚಿ ತರುತ್ತಾರೆ. ಅದರಲ್ಲೂ ಔಷಧ ಕಂಡರೆ ತಪ್ಪು ಬಾವಿಯದಲ್ಲ, ಕೈಯದು ಅಥವಾ ಸೀಸೆಯದು ಎಂದು ತಿಳಿಯುತ್ತದೆ. ಈ ಬಾವಿಗೂ ನಾಲ್ಕು ಸಲ ಒಯ್ದಿದ್ದರು, ನಾಲ್ಕರಲ್ಲೂ ಏನೂ ಕಂಡಿರಲಿಲ್ಲ. ಆದರೆ ಮನೆಗೆ ಬಂದು ಸೀಸೆಗಳ ಲೆಕ್ಕದ ಪುಸ್ತಕ ತೆಗೆದು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಾವಿಯ ನೀರು ಹಿಡಿದ ಹನ್ನೆರಡೂ ಗಿರಿರಾಜ್ ತೊಳೆದ ಸೀಸೆಗಳು. ಬರಿ ನೀರಿನ ನಾಲ್ಕು ಮಾತ್ರ ಅಂಗಡಿಯಿಂದ ತಂದ ಹೊಸ ಸೀಸೆಗಳು.

ಹಾಗೇಕೆ ಮಾಡಿದಿರಿ ಎಂದು ಅವರನ್ನು ಯಾರೂ ಕೇಳಬೇಕಿಲ್ಲ, ತಾವೇ ಹೇಳುತ್ತಾರೆ. "ಬರಿ ನೀರಿಗೆ ಗಿರಿಯ ಸೀಸೆ ಯಾಕೆ ದಂಡ ಮಾಡೋದು ಅನ್ನಿಸ್ತು. ಇದ್ದಿದ್ದೇ ಅಷ್ಟು. ಕೆಲಸಕ್ಕೆ ಬರೋ ನೀರಿಗೆ ಇರಲಿ ಅಂತ ಎತ್ತಿಟ್ಟೆ. ವಿಜ್ಞಾನಿ ಮಾಡೋ ಕೆಲಸ ಅಲ್ಲ ಅದು. ಅಕ್ಕ ಮಾಡಿದ್ದು."

ಹಾಗಾಗಿ ಯೋಗಾನಂದರ ಮಾತನ್ನು ಸುಳ್ಳೆನ್ನಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಗಿರಿಯ ಬೆರಳಿನಿಂದ ಮಾತ್ರೆಯ ಪುಡಿ ಸೀಸೆಗೆ ಹೋಗಿರಬಹುದೇ? ಹೋಗಿರಬಹುದು. ಹೋಗಿಲ್ಲವೆಂದು ತೋರಿಸಲು ಇದ್ದದ್ದು ಒಂದೇ ದಾರಿ. ಉಳಿದ ಹನ್ನೆರಡು ಸೀಸೆಗಳು ದೇವರ ಗೂಡಿನ ಕೆಳಗಿನ ಬೀರುವಿನಲ್ಲಿದ್ದವು. ಹದಿನಾಲ್ಕು ತಿಂಗಳ ಹಿಂದೆ ಗಿರಿ ಕಟ್ಟಿದ ದಾರದ ಗಂಟು ಹಾಗೇ ಇತ್ತು. ಆರರಲ್ಲಿ ಬಾವಿಯ ನೀರು, ಆರರಲ್ಲಿ ಬರಿ ನೀರು. ಯಾವ ಸೀಸೆ ಯಾವುದಕ್ಕೆಂದು ಆರಿಸುವವರು ಸಂಘದವರು, ತುಂಬುವವರೂ ಅವರೇ. ಎರಡೂ ಬಗೆಯಲ್ಲಿ ಎರಡೆರಡನ್ನು ಸಂಘ ತನಗೆ ಬೇಕಾದ ಪ್ರಯೋಗಾಲಯಕ್ಕೆ ಕಳುಹಿಸಲಿ. ಬರಿ ನೀರಿನಲ್ಲೂ ಔಷಧ ಕಂಡರೆ ಅದೇ ಗುಡಿಯ ಹಾಲಿನಲ್ಲಿ ನಿಂತು, ನನ್ನ ತಮ್ಮನ ಕೈಯಿಂದ ತಪ್ಪಾಯಿತು ಎಂದು ಹೇಳುತ್ತೇನೆ. ಹೀಗೆಂದು ಬರೆದು ಸಹಿ ಹಾಕಿ ಸಂಘಕ್ಕೆ ಕೊಟ್ಟರು. ಬರೆಯುವಾಗ ಬಾವಿಯ ಚಿಂತೆಗಿಂತ ಆ ಕೊನೆಯ ವಾಕ್ಯವೇ ಅವರನ್ನು ಸುಟ್ಟಿತು. ಹೋದ ತಮ್ಮನ ಮೇಲೆ ಊರೆದುರು ತಪ್ಪು ಹೊರಿಸುವ ಮಾತನ್ನು ತಮ್ಮ ಕೈಯಿಂದಲೇ ಬರೆದದ್ದಾಗಿತ್ತು.

ಚಪ್ಪಡಿಯ ಬಳಿ ಈಗ ಬಿಸಿಲು ಬಂದಿದೆ. ಯೋಗಾನಂದ ತಲೆ ಒದ್ದೆ ಮಾಡಿಕೊಂಡು, ಹಳೆಯ ಪಂಚೆ ಬನಿಯನ್ನಿನಲ್ಲಿ ಮರಳುತ್ತಾರೆ. ಗವುಸು ತೊಟ್ಟು ಸೀಸೆಗಳನ್ನು ಒಂದೊಂದಾಗಿ ಎತ್ತಿ ನೋಡಿ, ಇತ್ತ ಆರು, ಅತ್ತ ಆರು ಇಡುತ್ತಾರೆ. ಗಂಟು ಬಿಚ್ಚುವಾಗ ದಾರ ಸಿಕ್ಕಾಗುತ್ತದೆ. ಹಲ್ಲಿನಿಂದ ಬಿಚ್ಚಲು ಬಾಯಿಯ ಹತ್ತಿರ ತಂದವರಿಗೆ ಕೆಂಚಪ್ಪ, "ಬಾಯ್ ಹಾಕ್ಬ್ಯಾಡಿ ಸಾಮಿ, ಆಮೇಕೆ ನೀವ್ ಬೆಳಿಗ್ಗೆ ತಿಂದಿದ್ನೂ ಯಂತ್ರ ಯೋಳ್ಬುಡ್ತದೆ," ಎನ್ನುತ್ತಾರೆ. ಈ ಸಲ ಯೋಗಾನಂದರೂ ನಗುತ್ತಾರೆ. ಹನ್ನೆರಡೂ ತುಂಬುತ್ತವೆ. ಬಿಚ್ಚಿದ ದಾರಗಳನ್ನು ಗಿರಿಜಾದೇವಿ ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ವೆಂಕಟಲಕ್ಷ್ಮಮ್ಮ ಬಿಂದಿಗೆ ಸೊಂಟಕ್ಕೇರಿಸುತ್ತ ಕೇಳುತ್ತಾರೆ: "ಅದ್ರಾಗೇನೋ ಸಿಕ್ತು ಅಂದ್ರೆ ಈ ನಲ್ಲಿ ನಿಲ್ಲಿಸ್ತೀರಂತೆ. ನಿಲ್ಲಿಸ್ಬುಟ್ಟು ಹೊಂಟೋಗ್ತೀರ. ನಮ್ಗೆ ನೀರು ಯಾರವ್ವ ಕೊಡೋರು?" ಗಿರಿಜಾದೇವಿ ಚೀಲದಿಂದ ಪುಸ್ತಕ ತೆಗೆಯುತ್ತಾರೆ. ವೆಂಕಟಲಕ್ಷ್ಮಮ್ಮನ ಹೆಸರನ್ನೂ ಮನೆಯ ಗುರುತನ್ನೂ ಅದರಲ್ಲಿ ಬರೆದುಕೊಳ್ಳುತ್ತಾರೆ.

ಯಂತ್ರದ ಸರದಿ ಮೂರು ವಾರಕ್ಕೆ ಬಂತು. ಬಾವಿಯ ನೀರಿನ ಆರು ಸೀಸೆಗಳಲ್ಲೂ ಔಷಧ ಇದೆ. ನೂರಹನ್ನೆರಡಕ್ಕಿಂತ ಕಡಿಮೆಯಿಲ್ಲ, ನೂರಿಪ್ಪತ್ತಾರಕ್ಕಿಂತ ಹೆಚ್ಚಿಲ್ಲ. ಸಂಘ ಕಳುಹಿಸಿದ ಪ್ರಯೋಗಾಲಯದ ಉತ್ತರವೂ ಅದರೊಳಗೇ ಬಂದಿದೆ. ಬರಿ ನೀರಿನ ಆರು ಸೀಸೆಗಳ ಎದುರು ಆರು ಸಲ ಒಂದೇ ಮಾತು ಅಚ್ಚಾಗಿದೆ: ಪತ್ತೆಯಾಗಿಲ್ಲ.

ಬಾವಿಯ ಮೋಟಾರಿಗೆ ಈಗ ಬೀಗ ಬಿದ್ದಿದೆ. ಕೆರೆಯ ಏರಿಯ ಕೆಳಗೆ ಅಗೆದು ನೋಡಿದಾಗ ಕೊಳಚೆಯ ಪೈಪು ಬಾವಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಾಯಿ ಬಿಟ್ಟಿತ್ತು. ನಲ್ಲಿ ನಿಂತ ಮೂರನೆಯ ದಿನಕ್ಕೆ ಗಿರಿಜಾದೇವಿ ವೆಂಕಟಲಕ್ಷ್ಮಮ್ಮನನ್ನೂ ಇನ್ನೂ ಹನ್ನೊಂದು ಮಂದಿಯನ್ನೂ ಖಾಲಿ ಬಿಂದಿಗೆಗಳ ಸಮೇತ ಕೆಂಚಪ್ಪನ ಆಟೋ ಹತ್ತಿಸಿಕೊಂಡು ನೀರಿನ ಕಚೇರಿಗೆ ಹೋಗಿ ಕೂತರು. ಟ್ಯಾಂಕರ್ ಈಗ ದಿನ ಬಿಟ್ಟು ದಿನ ಬರುತ್ತದೆ. ಸಾಲದು, ದಿನವೂ ಬರಬೇಕು ಎಂದು ವೆಂಕಟಲಕ್ಷ್ಮಮ್ಮ ಪ್ರತಿ ಸೋಮವಾರ ಫೋನು ಮಾಡಿ ಬೈಯುತ್ತಾರೆ. ಆ ಬೈಗುಳವನ್ನು ಗಿರಿಜಾದೇವಿ ಹಾಗೇ ಕಚೇರಿಗೆ ದಾಟಿಸುತ್ತಾರೆ. ಯೋಗಾನಂದ ತಪ್ಪೊಪ್ಪಿಗೆಯ ಮಾತೇನೂ ಆಡಲಿಲ್ಲ. ಎರಡನೆಯ ಹಂತದ ಬಾವಿಯ ನೀರನ್ನೂ ಒಮ್ಮೆ ನೋಡಿಕೊಡಿ ಎಂದು ಫೋನು ಮಾಡಿದರು. ಯಾವ ದಿನ ಸೆಂಟು ಹಾಕಬಾರದೆಂದು ತಾವಾಗಿಯೇ ಕೇಳಿದರು.

ಮಾರ್ಚ್ ಬಂದಿದೆ. ಯೋಜನೆ ಮುಂದುವರಿಯುವುದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಸಮಿತಿಯ ಮುಂದೆ ಹೋಗುವ ವರದಿ ಮಧ್ವೇಶ್ ಅವರ ಮೇಜಿನ ಮೇಲಿದೆ. ಮೆತ್ತಗಾಗಲೆಂದು ಅವರು ನಾಲ್ಕೈದು ಕಡೆ 'ಬಹುಶಃ' ಸೇರಿಸಿದ್ದರು; ಗಿರಿಜಾದೇವಿ ಎದುರಿಗೇ ಕುಳಿತು ಅವನ್ನೆಲ್ಲ ಹೊಡೆದುಹಾಕಿದ್ದಾರೆ. ಈಗ ಉಳಿದಿರುವುದು ಸೀಸೆ ತೊಳೆದ ವಿಧಾನದ ಒಂದು ಸಾಲು. ಅದರಲ್ಲಿ ಗಿರಿಜಾದೇವಿ ಹೀಗೆ ಬರೆದಿದ್ದಾರೆ: ಸೀಸೆಗಳನ್ನು ಜಿ. ಗಿರಿರಾಜ್ ಆರು ಸಲ ಶುದ್ಧ ನೀರಿನಲ್ಲಿ ತೊಳೆದಿದ್ದಾರೆ.

ಹುದ್ದೆಯಿಲ್ಲದವರ ಹೆಸರು ವರದಿಯಲ್ಲಿ ಬರುವ ಪದ್ಧತಿಯಿಲ್ಲ ಎನ್ನುತ್ತಾರೆ ಮಧ್ವೇಶ್. ಅದು ಹೇಗೋ ಹೋಗಲಿ, ಹೆಸರಿರಲಿ. ಆದರೆ ಆರು ಸಲ ಎಂಬುದಕ್ಕೆ ಯಾವ ನಿಯಮದ ಆಧಾರವಿದೆ ಎಂದು ಸಮಿತಿ ಕೇಳಿದರೆ ಏನು ಹೇಳುವುದು? ಪುಸ್ತಕದಲ್ಲಿರುವುದು ಮೂರು. ಮೂರು ಎಂದೇ ಹಾಕಿಬಿಡೋಣ, ಯಾರಿಗೂ ನಷ್ಟವಿಲ್ಲ.

ಗಿರಿಜಾದೇವಿ ಪೆನ್ನಿನ ಮುಚ್ಚಳ ಹಾಕಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಅಂಗಳದಲ್ಲಿ ಕೆಂಚಪ್ಪ ಆಟೋದ ಹಾರ್ನ್ ಒತ್ತುತ್ತಿದ್ದಾರೆ; ತೊಳೆಯಬೇಕಾದ ಸೀಸೆಗಳು ಬಂದಿವೆ.

"ಪುಸ್ತಕದಲ್ಲಿ ಮೂರು ಇರಲಿ ಮಧ್ವೇಶ್. ಅವನು ತೊಳೆದಿದ್ದು ಆರು. ಆರು ಅಂತಲೇ ಇರಬೇಕು."